ಸ್ಟೇರಿಂಗ್ ಒಂದೇ, ಡ್ರೈವರು ಐದು ಜನ

ಹಾಸನವನ್ನು ಬಡವರ ಊಟಿ ಅಂತ ಹೊಗಳುವವರು ಜನವರಿಯಲ್ಲಿ ಬೆಳಗಿನ ಜಾವ ಇಲ್ಲಿ ಕಾರು ಓಡಿಸಿದವರಲ್ಲ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಚಳಿ ಇರಲೇಬೇಕು. ಸಾಲದ್ದಕ್ಕೆ 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹೇಮಾವತಿಯ ಹಿನ್ನೀರು ಬೇರೆ ನಮ್ಮ ಮಗ್ಗುಲಿಗೇ ಬಂದು ಮಲಗಿದೆ. ಶೆಟ್ಟಿಹಳ್ಳಿ ಕಡೆ ಆ ಹಿನ್ನೀರಿಗೆ ಒಂದು ಉದ್ದನೆಯ ಸೇತುವೆ ಇದೆ. ಹಗಲಲ್ಲಿ ಬಲು ಚೆಂದ. ಮದುವೆಗೆ ಮುಂಚಿನ ಫೋಟೊ ತೆಗೆಸುವ ಜೋಡಿಗಳು ಅಲ್ಲಿ ಕಂಬಿ ಹಿಡಿದು ದೂರಕ್ಕೆ ದೃಷ್ಟಿ ನೆಟ್ಟು ನಿಲ್ಲುತ್ತವೆ. ಬೆಳಗಿನ ಜಾವ ಹೋದರೆ ದೂರ ಅನ್ನುವುದೇ ಇರುವುದಿಲ್ಲ. ಬಾನೆಟ್ಟಿನ ತುದಿ ಕಂಡರೆ ಅದೇ ದೊಡ್ಡದು.

ಧನುರ್ಮಾಸದಲ್ಲಿ ಶುಭಕಾರ್ಯ ಬೇಡ ಅಂತ ಹಿರಿಯರು ಯಾಕೆ ಹೇಳಿದರೋ, ನನಗಂತೂ ಅವರು ಹಾಸನದ ಡ್ರೈವರುಗಳ ಕಷ್ಟ ನೋಡಿಯೇ ಹೇಳಿರಬೇಕು ಅನ್ನಿಸುತ್ತದೆ. ಆದರೆ ಸಂಕ್ರಾಂತಿ ಮುಗಿಯಿತೋ ಇಲ್ಲವೋ, ತಡೆದಿಟ್ಟ ಮುಹೂರ್ತಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಮಂಜು ಪಂಚಾಂಗ ನೋಡುವುದಿಲ್ಲ, ಅದು ಇನ್ನೂ ಇದ್ದೇ ಇರುತ್ತದೆ.

ನಮ್ಮ ಮಾವನವರ ತಂಗಿ ಹಿನ್ನೀರಿನ ಆಚೆ ದಡದ ಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ಮುಹೂರ್ತ ಬೆಳಗ್ಗೆ ಏಳೂವರೆಯೊಳಗೆ. ಹೊಸ ಒಲೆಯ ಮೇಲೆ ಉಕ್ಕಿಸುವ ಹಾಲು ತವರುಮನೆಯಿಂದಲೇ ಬರಬೇಕು ಅಂತ ಅವರ ಆಸೆ. ಹಳ್ಳಿಯಲ್ಲಿ ಹಾಲಿಗೇನು ಬರ ಅಂತ ನಾನು ಕೇಳಿದೆ.

"ಹಳ್ಳೀಲಿ ಕರೆದಿದ್ದೆಲ್ಲ ಡೈರಿಗೆ ಹೋಗುತ್ತೆ ಕಣಮ್ಮ. ಹಾಲು ಸಿಗೋದು ಪೇಟೇಲೇ" ಅಂದರು ನಮ್ಮತ್ತೆ. ಅವರು ಹಿಂದಿನ ಬೀದಿಯಲ್ಲಿ ಹಸು ಕಟ್ಟಿದವರನ್ನು ನಾಲ್ಕು ಗಂಟೆಗೇ ಎಬ್ಬಿಸಿ, ಎದುರಿಗೆ ನಿಂತು ಹಾಲು ಕರೆಸಿಕೊಂಡು ಬಂದರು. ಆ ಸ್ಟೀಲ್ ಕ್ಯಾನಿಗೆ ಅರಿಶಿನ ಕುಂಕುಮ ಹಚ್ಚಿ, ಬಿಗಿಯಾಗಿ ಮುಚ್ಚಳ ಹಾಕಿ, ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನ ನಡುವೆ ಕೂತರು.

ನನ್ನ ಗಂಡ ಬಾಳೆಕಂದು, ಶಾಮಿಯಾನದ ಜವಾಬ್ದಾರಿ ಹೊತ್ತು ಹಿಂದಿನ ರಾತ್ರಿಯೇ ಹೋಗಿಬಿಟ್ಟಿದ್ದರು. ಬುದ್ಧಿವಂತರು. ಹಾಗಾಗಿ ಕಾರಿನ ಕೀಲಿ ನನ್ನ ಕೈಗೆ ಬಂತು. ಮುಂದೆ ನನ್ನ ಪಕ್ಕ ಮಾವ, ನಿವೃತ್ತ ವಿಜ್ಞಾನ ಮೇಷ್ಟ್ರು, ಕೋಟು ಮತ್ತು ಮಂಕಿ ಕ್ಯಾಪು. ಹಿಂದೆ ಅತ್ತೆಯ ಆ ಕಡೆ ಭಾವ, ಈ ಕಡೆ ನನ್ನ ಓರಗಿತ್ತಿ. ಇಬ್ಬರೂ ಅಮೆರಿಕದ ಮಿಷಿಗನ್‌ನಿಂದ ರಜೆಗೆ ಬಂದವರು. ಭಾವ ಹೊರಡುವ ಮೊದಲೇ "ನಾನು ಓಡಿಸ್ತಿದ್ದೆ, ಆದ್ರೆ ನನಗೀಗ ಬಲಗಡೆ ಅಭ್ಯಾಸ ಆಗಿಬಿಟ್ಟಿದೆ" ಅಂತ ಹೇಳಿ ಸೀಟ್ ಬೆಲ್ಟು ಹಾಕಿಕೊಂಡರು.

ಊರು ದಾಟುವವರೆಗೂ ಎಲ್ಲ ಸರಿಯಿತ್ತು. ಹಿನ್ನೀರು ಹತ್ತಿರವಾದ ಹಾಗೆ ರಸ್ತೆಯ ಎರಡು ಪಕ್ಕದ ಮರಗಳು ಒಂದೊಂದೇ ಮಾಯವಾದವು. ಆಮೇಲೆ ರಸ್ತೆ ಮಧ್ಯದ ಬಿಳಿ ಗೆರೆ ಹೋಯಿತು. ನಮ್ಮ ಕಾರೊಳಗೆ ಸಲಹೆಗಳು ಶುರುವಾದವು.

"ಲೈಟು ಡಿಮ್ ಮಾಡಮ್ಮ" ಅಂದರು ಮಾವ. "ಮಂಜು ಅಂದ್ರೆ ಬರೀ ನೀರಿನ ಹನಿ. ಹೈ ಬೀಮ್ ಹಾಕಿದ್ರೆ ಬೆಳಕು ಅದಕ್ಕೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ." ಇದು ನಿಜ. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಡಿಮ್ ಮಾಡಿದರೆ ಕಾರಿನ ಮುಂದೆ ಒಂದು ಚಾಪೆಯಷ್ಟು ರಸ್ತೆ. ಡಿಮ್ ಮಾಡಿದೆ.

"ನಾಲ್ಕೂ ಇಂಡಿಕೇಟರ್ ಹಾಕು" ಅಂದರು ಭಾವ. "ಅದು ಕಾರು ನಿಂತಿದ್ದಾಗ ಹಾಕೋದು ಕಣೋ. ಹೋಗೋವಾಗ ಹಾಕಿದ್ರೆ ಎಡಕ್ಕೆ ತಿರುಗ್ತೀವೋ ಬಲಕ್ಕೋ ಹಿಂದಿನವನಿಗೆ ಹೆಂಗೆ ಗೊತ್ತಾಗಬೇಕು?" ಅಂತ ಮಾವ. "ಸೇತುವೆ ಮೇಲೆ ಎಲ್ಲಿಗಪ್ಪಾ ತಿರುಗೋದು, ನೀರಿಗಾ?" ಅಂತ ಭಾವ. ಅತ್ತೆ ಕ್ಯಾನನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡು ರಾಯರ ಸ್ತೋತ್ರ ಶುರು ಮಾಡಿದರು.

ಇಷ್ಟರಲ್ಲಿ ಗಾಜು ಒಳಗಿನಿಂದಲೂ ಮಬ್ಬಾಯಿತು. ಐದು ಜನ ಕಿಟಕಿ ಮುಚ್ಚಿಕೊಂಡು ಒಟ್ಟಿಗೆ ಮಾತಾಡಿದರೆ ಬೇರೇನಾಗುತ್ತದೆ? ಇದಕ್ಕೆ ಮದ್ದು ಎಸಿ. ಅದು ಒಳಗಿನ ಗಾಳಿಯ ತೇವ ಹೀರುತ್ತದೆ, ಗಾಜು ಕ್ಷಣದಲ್ಲಿ ತಿಳಿಯಾಗುತ್ತದೆ. ನಾನು ಎಸಿ ಬಟನ್ ಒತ್ತಿದೆ. ಸ್ತೋತ್ರ ನಿಂತಿತು.

"ಈ ಚಳೀಲಿ ಎಸಿ ಹಾಕ್ತಾರೇನಮ್ಮ? ನಿಮ್ಮಾವನಿಗೆ ಮೊದಲೇ ಕಫ!"

ಎಸಿ ಆಫ್ ಆಯಿತು. ಅತ್ತೆ ಹಿಂದಿನಿಂದ ಒಂದು ಟವೆಲ್ ಕೊಟ್ಟರು. ಅದು ಹಾಲಿನ ಕ್ಯಾನು ಒರೆಸಿದ್ದ ಟವೆಲ್. ಮಾವ ಅದರಲ್ಲೇ ಗಾಜು ಉಜ್ಜಿದರು. ಗಾಜಿನ ಮೇಲೆ ಜಿಡ್ಡಿನ ದೊಡ್ಡ ದೊಡ್ಡ ಸುತ್ತುಗಳು ಮೂಡಿದವು, ಅವುಗಳ ಮೇಲೆ ಮತ್ತೆ ಮಬ್ಬು ಕೂತಿತು. ಈಗ ಹೊರಗಿನ ಮಂಜು, ಒಳಗಿನ ಆವಿ, ನಡುವೆ ಹಾಲಿನ ಜಿಡ್ಡು. ನಾನು ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ ಓಡಿಸಿದೆ. ಮೂಗು ಇದೆಯೋ ಬಿದ್ದುಹೋಯಿತೋ ಅನ್ನುವಷ್ಟು ಚಳಿ.

ಚಕ್ರದ ಸದ್ದು ಬದಲಾದಾಗಲೇ ಸೇತುವೆ ಹತ್ತಿದೆವು ಅಂತ ಗೊತ್ತಾಗಿದ್ದು. ಎಡಗಡೆ ಕಂಬಿ ಒಂದು ಬರುತ್ತದೆ, ಹೋಗುತ್ತದೆ. ಕೆಳಗೆ ನೀರಿದೆ ಅನ್ನುವುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಓರಗಿತ್ತಿಗೆ ಆ ಮುಳುಗುವ ಚರ್ಚು ನೋಡುವ ಆಸೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು, ಅಣೆಕಟ್ಟಿನ ನೀರು ಬಂದ ಮೇಲೆ ಊರವರು ಬಿಟ್ಟುಹೋದದ್ದು, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದು. "ಎಲ್ಲಿ ಕಾಣುತ್ತೆ?" ಅಂತ ಕೇಳಿದಳು. ಮಾವ ಮಂಜಿನೊಳಗೆ ಒಂದು ಕಡೆ ಬೆರಳು ತೋರಿಸಿದರು. ಅವಳು ಪಾಪ ಆ ಕಡೆ ಮೊಬೈಲ್ ಹಿಡಿದು ಫೋಟೊ ತೆಗೆದಳು.

"ಇಲ್ಲೇ ಯಾಕೆ ಇಷ್ಟು ಮಂಜು ಗೊತ್ತಾ?" ಮಾವನವರ ಪಾಠ ಮುಂದುವರಿಯಿತು. "ನೆಲ ರಾತ್ರಿ ಬೇಗ ತಣ್ಣಗಾಗುತ್ತೆ, ನೀರು ಅಷ್ಟು ಬೇಗ ತಣ್ಣಗಾಗಲ್ಲ. ನೀರಿಂದ ಏಳೋ ಆವಿಗೆ ತಣ್ಣನೆ ಗಾಳಿ ಸಿಕ್ತು ಅಂದ್ರೆ..."

"ಇದೇನಪ್ಪಾ ಸೇತುವೆ" ಅಂತ ಭಾವ ನಡುವೆ ಬಾಯಿ ಹಾಕಿದರು. "ನಮ್ಮ ಮ್ಯಾಕಿನಾ ಸೇತುವೆ ನೋಡಬೇಕು ನೀವು!"

ಅಲ್ಲಿಂದ ಶುರುವಾಯಿತು. ಮ್ಯಾಕಿನಾ ಸೇತುವೆ ಸಂಚಾರಕ್ಕೆ ತೆರೆದದ್ದು 1957ರಲ್ಲಂತೆ. ಸುಮಾರು ಎಂಟು ಕಿಲೋಮೀಟರ್ ಉದ್ದ, ಒಂದು ಪಕ್ಕ ಮಿಷಿಗನ್ ಸರೋವರ, ಇನ್ನೊಂದು ಪಕ್ಕ ಹ್ಯೂರಾನ್ ಸರೋವರ. ನಡುಮಧ್ಯದಲ್ಲಿ ರಸ್ತೆ ನೀರಿನಿಂದ 60 ಮೀಟರ್ ಮೇಲೆ. ಜೋರು ಗಾಳಿ ಬೀಸಿದರೆ ನಡುವಿನ ಭಾಗ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ಒಳಗಿನ ಲೇನಿಗೆ ಡಾಂಬರೇ ಇಲ್ಲ, ಕಬ್ಬಿಣದ ಜಾಲರಿ. ಅದರ ಮೇಲೆ ಹೋದರೆ ಚಕ್ರ ಗುಂಯ್ ಅನ್ನುತ್ತದೆ, ಇಣುಕಿದರೆ ಕೆಳಗೆ ನೀರು. "ಅಂಥ ಸೇತುವೇನೇ ದಾಟಿದೀವಿ. ಇದೇನು ಮಹಾ! ನೀನು ಸ್ವಲ್ಪ ಧೈರ್ಯವಾಗಿ ಓಡಿಸು" ಅಂತ ಭಾವ ನನ್ನ ಸೀಟಿನ ಬೆನ್ನು ತಟ್ಟಿದರು.

ಓರಗಿತ್ತಿ ಅಷ್ಟು ಹೊತ್ತು ಫೋಟೊ ನೋಡುತ್ತಿದ್ದವಳು ತಲೆ ಎತ್ತಿದಳು.

"ದಾಟಿದ್ದು ನಿಜ. ಓಡಿಸಿದ್ದು ಯಾರು ಅಂತಲೂ ಹೇಳಿ."

ಭಾವ ಕೆಮ್ಮಿದರು. ವಿಷಯ ಏನೆಂದರೆ, ಆ ಸೇತುವೆ ಕಂಡರೆ ಕೈಕಾಲು ನಡುಗುವ ಜನ ಅಲ್ಲೂ ಬೇಕಾದಷ್ಟಿದ್ದಾರೆ. ಅಂಥವರಿಗೆಂದೇ ಸೇತುವೆಯವರು ಆಗ ಒಂದು ವ್ಯವಸ್ಥೆ ಇಟ್ಟಿದ್ದರು. ಹೇಳಿದರೆ ಸಾಕು, ಸಿಬ್ಬಂದಿ ಬಂದು ನಿಮ್ಮ ಕಾರಿನಲ್ಲಿ ಕೂತು, ನಿಮ್ಮನ್ನು ಪಕ್ಕಕ್ಕೆ ಕೂರಿಸಿ, ಆಚೆ ದಡಕ್ಕೆ ಓಡಿಸಿಕೊಂಡು ಹೋಗಿ ಬಿಡುತ್ತಿದ್ದರು. ನಮ್ಮ ಭಾವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರಂತೆ.

"ಎಷ್ಟು ಒಳ್ಳೆ ವ್ಯವಸ್ಥೆ!" ಅಂದರು ಅತ್ತೆ. ನನಗೂ ಹಾಗೇ ಅನ್ನಿಸಿತು. ಅಲ್ಲಿ ಒಬ್ಬರು ಬಂದು ಓಡಿಸುತ್ತಿದ್ದರು, ಇಲ್ಲಿ ನಾಲ್ಕು ಜನ ಕೂತಲ್ಲಿಂದಲೇ ಓಡಿಸುತ್ತಾರೆ. ವ್ಯತ್ಯಾಸ ಅಷ್ಟೇ.

ನಾನು ನಕ್ಕು ಮುಗಿಸುವ ಮೊದಲೇ ಬಾನೆಟ್ಟಿನ ಎದುರು ಒಂದು ಎಮ್ಮೆ ಮೂಡಿತು. ಬಂತು ಅನ್ನುವ ಹಾಗಿಲ್ಲ, ಇದ್ದಕ್ಕಿದ್ದಂತೆ ಅಲ್ಲಿತ್ತು. ಕೊಂಬಿನ ಮೇಲೆ ಇಬ್ಬನಿ, ಕಣ್ಣಲ್ಲಿ ಪೂರ್ತಿ ನೆಮ್ಮದಿ. ನಾನು ಬ್ರೇಕ್ ಒತ್ತಿದೆ. ಹದಿನೈದು ಕಿಲೋಮೀಟರ್ ವೇಗಕ್ಕೆ ಬ್ರೇಕ್ ಹಾಕಿದರೆ ಏನಾಗುತ್ತದೆ ಅನ್ನಬೇಡಿ. ಮುಚ್ಚಳ ಹಾರಿತು. ಅರ್ಧ ಹಾಲು ಅತ್ತೆಯ ರೇಷ್ಮೆ ಸೀರೆಗೆ, ಉಳಿದರ್ಧ ಭಾವನ ಅಮೆರಿಕದ ಜಾಕೆಟ್ಟಿಗೆ. ಎಮ್ಮೆ ಒಂದು ಕ್ಷಣ ನಮ್ಮ ಕಡೆ ನೋಡಿ, ಮತ್ತೆ ಮಂಜಿನೊಳಗೆ ಹೋಯಿತು.

"ಹಾಲು ಚೆಲ್ಲಿದ್ರೆ ಅಪಶಕುನ" ಅಂತ ಓರಗಿತ್ತಿ ಪಿಸುಗುಟ್ಟಿದಳು. "ಉಕ್ಕಿದ್ರೆ ಶುಭ" ಅಂದರು ಮಾವ. "ಇದು ಉಕ್ಕಿದ್ದು ಅಂತಲೇ ಇಟ್ಕೊಳ್ಳೋಣ." ಮೇಷ್ಟ್ರ ಬಾಯಲ್ಲಿ ವಿಜ್ಞಾನ ಮುಗಿದರೆ ಶಾಸ್ತ್ರಕ್ಕೂ ಕೊರತೆ ಇಲ್ಲ.

ಆಗ ಕಾಣಿಸಿತು, ಎದುರಿಗೆ ಒಂದು ಕೆಂಪು ದೀಪ. ಟಿವಿಎಸ್ ಎಕ್ಸೆಲ್ ಒಂದು ಎರಡು ಪಕ್ಕಕ್ಕೂ ಕ್ಯಾನು ಕಟ್ಟಿಕೊಂಡು ಆರಾಮವಾಗಿ ಹೋಗುತ್ತಿತ್ತು. ತಲೆಗೆ ಟವೆಲ್ ಸುತ್ತಿಕೊಂಡ ಆ ಮನುಷ್ಯನಿಗೆ ರಸ್ತೆ ಕಾಣುವ ಅಗತ್ಯವೇ ಇದ್ದಂತಿರಲಿಲ್ಲ. ನಾನು ಆ ದೀಪ ಹಿಡಿದೆ. ಹಿಂದೆ ಕನ್ನಡಿಯಲ್ಲಿ ನೋಡಿದರೆ ಇನ್ನೆರಡು ಕಾರು ನನ್ನ ದೀಪ ಹಿಡಿದಿವೆ. ಸೇತುವೆ ಮುಗಿಯಿತು. ಎಕ್ಸೆಲ್ ಎಡಕ್ಕೆ ತಿರುಗಿತು, ನಾನೂ ತಿರುಗಿದೆ. ಬಲಕ್ಕೆ ತಿರುಗಿತು, ತಿರುಗಿದೆ. ಒಂದು ಗೇಟಿನೊಳಗೆ ಹೋಯಿತು, ನಾನೂ ಹೋದೆ. ಎಕ್ಸೆಲ್ ನಿಂತಿತು. ಎದುರಿಗೆ ಟ್ಯೂಬ್‌ಲೈಟಿನ ಕೆಳಗೆ ಕ್ಯಾನು ಹಿಡಿದ ಜನರ ಸಾಲು. ಅದು ಹಾಲಿನ ಡೈರಿ.

ಸೂರ್ಯ ಹುಟ್ಟುವ ಮೊದಲೇ ಸಾಲಾಗಿ ಮೂರು ಕಾರು ಡೈರಿ ಅಂಗಳಕ್ಕೆ ನುಗ್ಗಿದರೆ ನೋಡಿದವರು ಏನಂದುಕೊಳ್ಳಬೇಕು? ಸಾಲಿನ ಕೊನೆಯಲ್ಲಿದ್ದ ಒಬ್ಬ ಕ್ಯಾನಿನ ಸಮೇತ ಮೆಲ್ಲಗೆ ಹಿಂದಕ್ಕೆ ಜಾರಿದ. ಅವನ ಹಾಲಿನ ಡಿಗ್ರಿ ಎಷ್ಟಿತ್ತೋ, ದೇವರಿಗೇ ಗೊತ್ತು. ಒಳಗಿನಿಂದ ಸೆಕ್ರೆಟರಿ ಓಡಿಬಂದ. ಕೋಟು ಹಾಕಿದ ಮಾವ ಕಾರಿನಿಂದ ಇಳಿದದ್ದೇ ತಡ, "ಬನ್ನಿ ಸಾರ್, ಎಲ್ಲಾ ಕರೆಕ್ಟಾಗಿದೆ ಸಾರ್" ಅಂತ ರಿಜಿಸ್ಟರ್ ಮುಂದೆ ಹಿಡಿದ. ರಿಜಿಸ್ಟರ್ ಕಂಡರೆ ಮೇಷ್ಟ್ರು ಬಿಡುತ್ತಾರೆಯೇ? ಕನ್ನಡಕ ಹಾಕಿಕೊಂಡು ಎರಡು ಪುಟ ತಿರುವಿ, "ಅಕ್ಷರ ಇನ್ನೂ ಸ್ವಲ್ಪ ದುಂಡಗೆ ಬರಬೇಕು" ಅಂದರು. ಲ್ಯಾಕ್ಟೋಮೀಟರ್ ಅದ್ದುತ್ತಿದ್ದ ಹುಡುಗನಿಗೆ ನೀರು ಬೆರೆತ ಹಾಲಿನಲ್ಲಿ ಅದು ಯಾಕೆ ಜಾಸ್ತಿ ಮುಳುಗುತ್ತದೆ ಅಂತಲೂ ಹೇಳಿಕೊಟ್ಟರು.

ಎರಡನೆಯ ಕಾರಿನಿಂದ ಮೂರು ಹುಡುಗರು ಕ್ಯಾಮೆರಾ ಹಿಡಿದು ಇಳಿದರು. ಡೈರಿ ಕಟ್ಟಡದ ಕಡೆ ಒಂದು ಸಲ ನೋಡಿ, "ಅಂಕಲ್, ಇದೇನಾ ಚರ್ಚು?" ಅಂತ ಕೇಳಿದರು. ಬೆಂಗಳೂರಿನವರು.

ಮೂರನೆಯ ಕಾರಿನಿಂದ ಇಳಿದವರು ನಮ್ಮ ಪುರೋಹಿತರು. "ನೀವು ಹಾಸನ ಬಿಟ್ಟಿದ್ದು ನೋಡಿದೆ. ನಿಮ್ಮ ಹಿಂದೆ ಬಂದ್ರೆ ನೆಟ್ಟಗೆ ಗೃಹಪ್ರವೇಶಕ್ಕೇ ಹೋಗ್ತೀನಿ ಅಂದ್ಕೊಂಡೆ" ಅಂದರು. ಅತ್ತೆಯ ಮುಖ ಅರಳಿತು. ಪುರೋಹಿತರೇ ನಮ್ಮ ಜೊತೆ ಸಿಕ್ಕಿಕೊಂಡಿದ್ದಾರೆ ಅಂದಮೇಲೆ ಮುಹೂರ್ತ ಎಲ್ಲಿ ತಪ್ಪಿಹೋಗುತ್ತದೆ?

ಇನ್ನು ಹಾಲು. ಡೈರಿಯ ದೊಡ್ಡ ಪಾತ್ರೆಯಲ್ಲಿ ಹಸು, ಎಮ್ಮೆ ಎಲ್ಲ ಒಂದಾಗಿತ್ತು. ಎಮ್ಮೆಯ ಮೇಲೆ ಅತ್ತೆಗೆ ಆಗಲೇ ಸಿಟ್ಟು. "ಬರೀ ಹಸುಂದೇ ಬೇಕು" ಅಂದರು. ಸೆಕ್ರೆಟರಿ ಸಾಲಿನಲ್ಲಿದ್ದ ಒಬ್ಬ ಹುಡುಗನನ್ನು ಕರೆದ. ಅವನು ಕ್ಯಾನು ಕೊಡಲು ಅವಸರ ಮಾಡಿದ. "ಬೇಗ ತಗೊಳ್ಳಿ, ನಮ್ಮ ಅಮ್ಮಾವ್ರ ಮನೇಲಿ ಇವತ್ತು ಗೃಹಪ್ರವೇಶ, ಬಾಳೆಎಲೆ ಒರೆಸಕ್ಕೆ ಹೋಗಬೇಕು" ಅಂದ. ಯಾವ ಅಮ್ಮಾವ್ರು ಅಂತ ಕೇಳಿದರೆ, ನಮ್ಮ ಮಾವನವರ ತಂಗಿಯೇ!

ಅವರ ಕೊಟ್ಟಿಗೆಯ ಹಸುವಿನ ಹಾಲನ್ನೇ ದುಡ್ಡು ಕೊಟ್ಟು ಕೊಂಡು ಅವರಿಗೇ ತವರಿನ ಹಾಲು ಅಂತ ಒಯ್ಯುವುದೋ? ಅತ್ತೆ ಪುರೋಹಿತರ ಮುಖ ನೋಡಿದರು. ಪುರೋಹಿತರು ಕೈಗಡಿಯಾರ ನೋಡಿದರು. "ಅತ್ತಿಗೆ ಕೈಯಿಂದ ಬಂದಿದ್ದೆಲ್ಲ ತವರಿಂದೇ. ನಡೀರಿ" ಅಂದರು. ಹುಡುಗನ ಕೈಗೆ ಹತ್ತು ರೂಪಾಯಿ ಜಾಸ್ತಿ ಇಟ್ಟು ಬಾಯಿ ಮುಚ್ಚಿಸಿದೆವು.

ಹಾಲು ಚೆನ್ನಾಗಿಯೇ ಉಕ್ಕಿತು. "ಅಣ್ಣನ ಮನೆ ಹಾಲು ಅಂದ್ರೆ ಅದರ ಘಮವೇ ಬೇರೆ" ಅಂತ ಮಾವನವರ ತಂಗಿ ಕಣ್ಣು ಒರೆಸಿಕೊಂಡರು. ಭಾವನ ಜಾಕೆಟ್ಟಿನಿಂದಲೂ ಅದೇ ಘಮ ಬರುತ್ತಿತ್ತು.

ಊಟ ಮುಗಿಸಿ ಹೊರಟಾಗ ಮಧ್ಯಾಹ್ನ. ಆಕಾಶ ತಿಳಿಯಾಗಿ, ಬಿಸಿಲು ಚುರುಚುರು ಅನ್ನುತ್ತಿತ್ತು. ಒಬ್ಬಟ್ಟಿನ ಊಟದ ಹುರುಪಿನಲ್ಲಿ ಭಾವ "ಈಗ ನಾನು ಓಡಿಸ್ತೀನಿ" ಅಂತ ಕೀಲಿ ಕಸಿದುಕೊಂಡರು. ಎಡಬದಿ ಹಿಡಿದು ಚೆನ್ನಾಗಿಯೇ ಓಡಿಸಿದರು. ಸೇತುವೆ ಬಂತು. ಬೆಳಗ್ಗೆ ಕಾಣದ ನೀರೆಲ್ಲ ಈಗ ಎರಡು ಕಡೆಯೂ ಫಳಫಳ ಹೊಳೆಯುತ್ತಿತ್ತು. ಭಾವ ಸೇತುವೆಯ ತುದಿಯಲ್ಲಿ ಕಾರು ನಿಲ್ಲಿಸಿದರು.

"ಊಟ ಜಾಸ್ತಿ ಆಯ್ತು. ನಾನು ಸ್ವಲ್ಪ ನಡೀತೀನಿ. ನೀನು ಓಡಿಸ್ಕೊಂಡು ಹೋಗಿ ಆಚೆ ಕಡೆ ನಿಂತಿರು" ಅಂತ ಕೀಲಿ ನನಗೇ ಕೊಟ್ಟು ಇಳಿದರು.

"ಮ್ಯಾಕಿನಾ ಮೇಲೂ ಸೆಪ್ಟೆಂಬರಿನ ಲೇಬರ್ ಡೇ ದಿನ ಜನ ನಡ್ಕೊಂಡೇ ದಾಟ್ತಾರೆ" ಅಂದಳು ಓರಗಿತ್ತಿ. "ಅವತ್ತು ಇವರನ್ನ ಕರ್ಕೊಂಡು ಹೋಗಿದ್ದೆ."

"ಪೂರ್ತಿ ನಡೆದನಾ?" ಅಂತ ಅತ್ತೆ ಕೇಳಿದರು.

"ಇಲ್ಲ. ಬಸ್ಸಿತ್ತು."

ಮಾವ ಕಿಟಕಿ ಇಳಿಸಿ, ಕಂಬಿಯಿಂದ ಆದಷ್ಟು ದೂರದಲ್ಲಿ ನಡೆಯುತ್ತಿದ್ದ ಮಗನಿಗೆ ಕೂಗಿ ಹೇಳಿದರು: "ಲೋ, ಎಮ್ಮೆ ಬಂದ್ರೆ ಇಂಡಿಕೇಟರ್ ಹಾಕೋ!"