ಒಂದು ಸಾಲಿನ ಕಮಾಂಡ್ ಮತ್ತು ಡೀಫಾಲ್ಟ್‌ನ ದೋಷ

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ದಿನವಿಡೀ ಕೋಡ್ ಬರೆಯುವವರು ತಮ್ಮ ಕಷ್ಟ ಹೇಳಿಕೊಂಡರೆ ಹಳಬರಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಅದಕ್ಕೇನು, ಒಂದು ಸಾಲಿನ ಕಮಾಂಡ್ ಇದೆ, ಹಾಕಿ ನೋಡಿ.’ ಆ ಸಾಲು ಕೆಲಸ ಮಾಡುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಹೊಸದಾಗಿ ಬಂದವರೆಲ್ಲ ಅದೇ ಸಾಲನ್ನು ಹುಡುಕಿ ಟೈಪ್ ಮಾಡಬೇಕಾಗಿದೆ ಎಂದಾದರೆ ದೋಷವಿರುವುದು ಡೀಫಾಲ್ಟ್‌ನಲ್ಲಿ (ಮೊದಲಿಂದಲೇ ಇಟ್ಟಿರುವ ಹೊಂದಿಕೆಯಲ್ಲಿ), ಬಳಸುವವರ ತಿಳಿವಳಿಕೆಯಲ್ಲಲ್ಲ.

ಫೈಲ್‌ಗಳ ಬದಲಾವಣೆಯನ್ನು ಪ್ರೋಗ್ರಾಂಗಳಿಗೆ ತಿಳಿಸಲು ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿರುವ ಐನೋಟಿಫೈ ಸೌಲಭ್ಯದ ಮಿತಿಯನ್ನೇ ತೆಗೆದುಕೊಳ್ಳಿ. ದೊಡ್ಡ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟನ್ನು ಎಡಿಟರ್‌ನಲ್ಲಿ ತೆರೆದಿಟ್ಟು, ಪಕ್ಕದ ಟರ್ಮಿನಲ್‌ನಲ್ಲಿ ಡೆವಲಪ್‌ಮೆಂಟ್ ಸರ್ವರ್ ಶುರುಮಾಡಿದರೆ ಅದು ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಅರ್ಥದ ಎರರ್ ತೋರಿಸಿ ನಿಂತುಬಿಡುತ್ತಿತ್ತು. ಡಿಸ್ಕ್ ನೋಡಿದರೆ ಅರ್ಧಕ್ಕರ್ಧ ಖಾಲಿ. ನಿಜವಾಗಿ ಮುಗಿದಿದ್ದು, ಫೈಲ್ ಬದಲಾದರೆ ತಿಳಿಸು ಎಂದು ಕರ್ನೆಲ್‌ಗೆ ಹೇಳಿಡುವ ‘ವಾಚ್’ಗಳ ಲೆಕ್ಕ. ಐನೋಟಿಫೈ ಒಂದು ಡೈರೆಕ್ಟರಿಯನ್ನು ಗಮನಿಸುವಾಗ ಅದರೊಳಗಿನ ಉಪಡೈರೆಕ್ಟರಿಗಳಿಗೆ ತಾನಾಗಿ ಇಳಿಯುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ವಾಚ್ ಬೇಕು. ಬಹುಕಾಲ ಒಬ್ಬ ಬಳಕೆದಾರರಿಗಿದ್ದ ಡೀಫಾಲ್ಟ್ ಮಿತಿ 8,192; ಡಿಪೆಂಡೆನ್ಸಿಗಳೇ (ಪ್ರಾಜೆಕ್ಟ್ ನೆಚ್ಚಿಕೊಂಡ ಹೊರಗಿನ ಕೋಡ್) ತುಂಬಿಕೊಂಡ ಇಂದಿನ ಪ್ರಾಜೆಕ್ಟ್‌ಗೆ ಅದು ಯಾವ ಮೂಲೆಗೂ ಸಾಲದು. ಮಿತಿ ಮೀರಿದಾಗ ಕರ್ನೆಲ್ ಕೊಡುವ ಎರರ್ ಕೋಡ್, ಡಿಸ್ಕ್ ತುಂಬಿದಾಗ ಕೊಡುವುದೇ ಆಗಿರುವುದರಿಂದ ಎಷ್ಟೋ ಜನ ಸುಮ್ಮನೆ ಫೈಲ್‌ಗಳನ್ನು ಅಳಿಸುತ್ತ ಕೂತಿದ್ದಾರೆ.

ಮಿತಿಯನ್ನು ಕರ್ನೆಲ್‌ನ ಹೊಂದಿಕೆಗಳನ್ನು ಬದಲಿಸುವ ಸಿಸ್‌ಸಿಟಿಎಲ್ ಕಮಾಂಡ್‌ನಿಂದ ಏರಿಸಬಹುದು. ಟರ್ಮಿನಲ್‌ನಲ್ಲಿ ಮಾತ್ರ ಏರಿಸಿದರೆ ರೀಬೂಟ್ ಆದ ಕೂಡಲೇ ಹಳೆಯ ಸಂಖ್ಯೆಯೇ ಮರಳುತ್ತದೆ, ಆದ್ದರಿಂದ ಅದನ್ನು ಕಾನ್ಫಿಗರೇಶನ್ ಫೈಲ್‌ನಲ್ಲಿ ಬರೆದಿಡಬೇಕು. ಆದರೆ ನಾನು ಪರಿಹಾರ ಎಂದು ಕರೆಯುವುದು 2021ರಲ್ಲಿ ಬಂದ ಕರ್ನೆಲ್ 5.11 ಮಾಡಿದ್ದನ್ನು. ಅಲ್ಲಿಂದ ಮುಂದೆ ಈ ಡೀಫಾಲ್ಟ್ ಮಿತಿ ಯಂತ್ರದ ಮೆಮೊರಿಗೆ ತಕ್ಕಂತೆ, ಗರಿಷ್ಠ 10,48,576ರವರೆಗೆ, ತಾನಾಗಿಯೇ ನಿಗದಿಯಾಗುತ್ತದೆ. ಇದರಿಂದ ಆ ಒಂದು ಸಾಲಿನ ಅಗತ್ಯವೇ ಬಹುತೇಕರಿಗೆ ಇಲ್ಲವಾಯಿತು.

ಮೆಮೊರಿ ಮುಗಿದಾಗ ಡೆಸ್ಕ್‌ಟಾಪ್ ಹೆಪ್ಪುಗಟ್ಟುವ ಸಮಸ್ಯೆ ಇಷ್ಟು ಸಲೀಸಾಗಿ ಬಗೆಹರಿದಿಲ್ಲ. ಕೋಡನ್ನು ಪ್ರೋಗ್ರಾಂ ಆಗಿ ಕಟ್ಟುವ ಬಿಲ್ಡ್ ಉಪಕರಣಗಳು ಸಾಮಾನ್ಯವಾಗಿ ಸಿಪಿಯು ಕೋರ್‌ಗಳನ್ನು ಎಣಿಸಿ ಅಷ್ಟು ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತವೆ, ಮೆಮೊರಿ ಎಷ್ಟಿದೆ ಎಂದು ಕೇಳುವುದಿಲ್ಲ. ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್‌ನ ಲಿಂಕಿಂಗ್ ಹಂತದಲ್ಲಿ (ಕಂಪೈಲ್ ಆದ ತುಣುಕುಗಳನ್ನು ಜೋಡಿಸುವಾಗ) ಮೌಸ್ ಕರ್ಸರ್ ಕೂಡ ಅಲ್ಲಾಡದಂತಾಗುವುದು ಇದರಿಂದಲೇ. ಕರ್ನೆಲ್ ಯಾವುದಾದರೂ ಪ್ರಕ್ರಿಯೆಯನ್ನು ಕೊಲ್ಲುವ ಮೊದಲು ಪ್ರೋಗ್ರಾಂಗಳ ಕೋಡ್ ಪುಟಗಳನ್ನೂ ಮೆಮೊರಿಯಿಂದ ಹೊರಹಾಕುತ್ತ, ಮತ್ತೆ ಡಿಸ್ಕ್‌ನಿಂದ ಓದಿಕೊಳ್ಳುತ್ತ ಹೆಣಗಾಡುತ್ತದೆ. ಲಿನಕ್ಸ್‌ನ ಸೇವೆಗಳನ್ನು ನಿರ್ವಹಿಸುವ ಸಿಸ್ಟಂಡಿಯ ಭಾಗವಾದ ಊಮ್‌ಡಿ ಈ ಒತ್ತಡವನ್ನು ಮೊದಲೇ ಗಮನಿಸಿ ಮಧ್ಯೆ ಪ್ರವೇಶಿಸುತ್ತದೆ. ಲಿನಕ್ಸ್ ವಿತರಣೆಗಳಾದ ಫೆಡೋರಾ 34 ಮತ್ತು ಉಬುಂಟು 22.04ರಿಂದ ಅದು ಡೀಫಾಲ್ಟ್ ಆಗಿದೆ. ಆದರೆ ಅದು ಒಂದು ಪ್ರಕ್ರಿಯೆಯನ್ನಲ್ಲ, ಇಡೀ ಸಿಗ್ರೂಪನ್ನೇ (ಒಟ್ಟಿಗೆ ಲೆಕ್ಕಕ್ಕೆ ಹಿಡಿದ ಪ್ರಕ್ರಿಯೆಗಳ ಗುಂಪನ್ನೇ) ಮುಗಿಸುತ್ತದೆ. ತಪ್ಪು ಮಾಡಿದ್ದು ಕಂಪೈಲರ್, ತಲೆದಂಡ ಬ್ರೌಸರಿನದು ಎಂಬಂತಾಗುವುದೂ ಉಂಟು. ಹಾಗಾಗಿ ನಾನು ಭಾರಿ ಬಿಲ್ಡ್‌ಗಳನ್ನು ಸಿಸ್ಟಂಡಿ-ರನ್ ಕಮಾಂಡ್ ಮೂಲಕ ಪ್ರತ್ಯೇಕ ಸ್ಕೋಪ್‌ನಲ್ಲಿ, ಅಂದರೆ ಬೇರೆಯದೇ ಸಿಗ್ರೂಪ್‌ನಲ್ಲಿ ಇಟ್ಟು, ಮೆಮೊರಿ ಮತ್ತು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಎರಡಕ್ಕೂ ಮಿತಿ ಹಾಕಿ ನಡೆಸುತ್ತೇನೆ. ಮಿತಿ ಮೀರಿದರೆ ಬಿಲ್ಡ್ ಮಾತ್ರ ಸಾಯುತ್ತದೆ, ಎಡಿಟರ್ ಉಳಿಯುತ್ತದೆ. ಇದೂ ಒಂದು ಸಾಲೇ, ಮತ್ತು ಇದು ಇನ್ನೂ ಬೇಕಾಗಿರುವುದೇ ನನ್ನ ದೂರು.

 

ಡೀಫಾಲ್ಟ್ ಬದಲಿಸುವುದನ್ನು ಸರಿಯಾಗಿ ಮಾಡಿದ್ದು ಪೈಥಾನ್ ಲೋಕ. ಪೆಪ್ 668 ಎಂಬ ಪೈಥಾನ್ ಪ್ರಸ್ತಾವದ ಪ್ರಕಾರ 2023ರ ಡೆಬಿಯನ್ 12 ವಿತರಣೆಯಲ್ಲಿ, ಸಿಸ್ಟಂ ಪೈಥಾನ್‌ನೊಳಕ್ಕೆ ನೇರವಾಗಿ ಪ್ಯಾಕೇಜ್ ಹಾಕಹೊರಟರೆ ಪ್ಯಾಕೇಜ್ ಅಳವಡಿಸುವ ಉಪಕರಣವಾದ ಪಿಪ್ ಒಪ್ಪುವುದಿಲ್ಲ. ಬಹಳ ಜನ ಸಿಟ್ಟಾದರು. ಆದರೆ ಆ ಎರರ್ ಸಂದೇಶವನ್ನು ಓದಿ ನೋಡಿ: ಏಕೆ ತಡೆಯಲಾಯಿತು, ವರ್ಚುವಲ್ ಎನ್ವಿರಾನ್‌ಮೆಂಟ್ (ಸಿಸ್ಟಂನಿಂದ ಬೇರೆಯಾದ ಪೈಥಾನ್ ಆವರಣ) ಹೇಗೆ ಮಾಡಿಕೊಳ್ಳಬೇಕು ಎಂಬುದೆಲ್ಲ ಅಲ್ಲಿಯೇ ಇದೆ. ಹಟ ಹಿಡಿದು ದಾಟಬೇಕೆನ್ನುವವರಿಗೆ ಕೊಟ್ಟಿರುವ ಆಯ್ಕೆಯ ಹೆಸರೇ ‘ಬ್ರೇಕ್-ಸಿಸ್ಟಂ-ಪ್ಯಾಕೇಜಸ್’. ಇಷ್ಟು ಬಾಯಿಬಿಟ್ಟು ಹೇಳಿದ ಮೇಲೂ ಅದನ್ನೇ ‘ಒಂದು ಸಾಲಿನ ಪರಿಹಾರ’ ಎಂದು ಹೊಸಬರಿಗೆ ದಾಟಿಸುವವರಿದ್ದಾರೆ.