ದುಡ್ಡು ಬೇಡ, ಕೋಡ್ ಕೊಡಿ ಸಾಕು

ಮೊನ್ನೆ ಹಳೆಯ ಮೇಲ್‌ಗಳನ್ನು ಅಳಿಸುತ್ತಾ ಕೂತಿದ್ದೆ. ಆರೇಳು ವರ್ಷದ ಹಿಂದೆ ನಾನೇ ಒಂದು ಕಂಪನಿಗೆ ಬರೆದ ಮೇಲ್ ಸಿಕ್ಕಿತು. ಓದಿ ನಗುವೂ ಬಂತು, ನಾಚಿಕೆಯೂ ಆಯಿತು. ಅದರಲ್ಲಿ ಇದ್ದದ್ದು ಇಷ್ಟು: "ನಿಮ್ಮ ಆ್ಯಪ್ ಅಂದ್ರೆ ನನಗೆ ಪ್ರಾಣ. ನೀವು ಕೊಡ್ತೀವಿ ಅಂದ ಫೀಚರ್ ಒಂದೂವರೆ ವರ್ಷ ಆದ್ರೂ ಬಂದಿಲ್ಲ. ನಿಮ್ಮಲ್ಲಿ ಜನ ಸಾಲ್ತಿಲ್ಲ ಅಂತ ಕಾಣುತ್ತೆ. ನಾನೂ ಸಾಫ್ಟ್‌ವೇರ್ ಕೆಲಸದವನೇ. ಕೋಡ್ ಕೊಡಿ, ಶನಿವಾರ ಭಾನುವಾರ ಕೂತು ಬರೆದುಕೊಡ್ತೀನಿ. ಒಂದು ಪೈಸೆಯೂ ಬೇಡ."

ಅದು ಟಿಪ್ಪಣಿ ಬರೆದಿಟ್ಟುಕೊಳ್ಳುವ ಆ್ಯಪ್. ಇಂಟರ್ನೆಟ್ ಇಲ್ಲದಿದ್ದರೆ ತೆರೆಯುತ್ತಲೇ ಇರಲಿಲ್ಲ. ಆಫ್‌ಲೈನ್ ಸೌಲಭ್ಯ "ಶೀಘ್ರದಲ್ಲೇ ಬರಲಿದೆ" ಎಂದು ಹಾಕಿದ್ದರು. ಸಾಫ್ಟ್‌ವೇರ್ ಲೋಕದ ಈ "ಶೀಘ್ರದಲ್ಲೇ" ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ ಬಿಡಿ. ಮೂರು ಅಪ್‌ಡೇಟ್ ಬಂದವು. ಒಂದರಲ್ಲಿ ಐಕಾನ್ ಬಣ್ಣ ಬದಲಾಯಿತು. ಇನ್ನೆರಡರಲ್ಲಿ "ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ". ನಾನು ತಾಳ್ಮೆ ಕಳೆದುಕೊಂಡು ಆ ಮೇಲ್ ಬರೆದೆ.

ಎರಡು ದಿನದಲ್ಲಿ ಉತ್ತರ ಬಂತು. ನಾಲ್ಕೇ ಸಾಲು. ಪ್ರೀತಿಗೆ ಧನ್ಯವಾದ, ಹೊರಗಿನವರ ಕೋಡ್ ತೆಗೆದುಕೊಳ್ಳಲು ಆಗುವುದಿಲ್ಲ, ಬೇಕಿದ್ದರೆ ಬೀಟಾ ಟೆಸ್ಟಿಂಗ್‌ಗೆ, ಅಂದರೆ ಬಿಡುಗಡೆಗೆ ಮೊದಲೇ ಬಳಸಿ ನೋಡಿ ತಪ್ಪು ಹೇಳುವುದಕ್ಕೆ, ಸೇರಿಕೊಳ್ಳಿ. ಎಷ್ಟು ಕೋಪ ಬಂತು ಅಂತೀರಿ! ಪುಕ್ಕಟೆ ಮಾಡಿಕೊಡ್ತೀನಿ ಅಂದರೂ ಬೇಡ ಅನ್ನುವ ಇವರಿಗೆ ಎಂಥಾ ಜಂಭ ಅಂತ ಎರಡು ವಾರ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದೆ.

ಈಗ ನಾನು ಆಚೆ ದಡದಲ್ಲಿದ್ದೇನೆ. ಒಂದು ಸಣ್ಣ ಕಂಪನಿ, ನಮ್ಮದೂ ಒಂದು ಆ್ಯಪ್. ನಮ್ಮ ಫೀಚರ್‌ಗಳೂ ತಡವಾಗುತ್ತವೆ. ತಿಂಗಳಿಗೆ ಒಂದಾದರೂ ಅಂಥದೇ ಮೇಲ್ ಬರುತ್ತದೆ. ಭಾಷೆ ಬೇರೆ, ಹೆಸರು ಬೇರೆ, ವಿಷಯ ಮಾತ್ರ ಅದೇ: ದುಡ್ಡು ಬೇಡ, ಕೋಡ್ ಕೊಡಿ.

ಅವರಿಗೆ ಹೇಳಬೇಕು ಅನ್ನಿಸುವ ಮೊದಲ ಮಾತು, ಕೋಡ್ ಟೈಪ್ ಮಾಡುವ ಕೈಗಳು ಕಡಿಮೆ ಆಗಿ ಫೀಚರ್ ತಡವಾಗುವುದು ಬಹಳ ಅಪರೂಪ.

ಆ ಆಫ್‌ಲೈನ್ ಫೀಚರನ್ನೇ ತೆಗೆದುಕೊಳ್ಳಿ. ನಿಜ, ಎರಡು ವಾರಾಂತ್ಯದಲ್ಲಿ ನಾನು ಏನೋ ಒಂದು ಬರೆದುಬಿಡುತ್ತಿದ್ದೆ. ನನ್ನ ಫೋನಿನಲ್ಲಿ ಅದು ಓಡುತ್ತಲೂ ಇತ್ತು. ಆದರೆ ಒಂದೇ ಟಿಪ್ಪಣಿಯನ್ನು ನೀವು ಫೋನಿನಲ್ಲೂ ತಿದ್ದಿದಿರಿ, ಲ್ಯಾಪ್‌ಟಾಪಿನಲ್ಲೂ ತಿದ್ದಿದಿರಿ, ಎರಡಕ್ಕೂ ಆಗ ನೆಟ್ ಇರಲಿಲ್ಲ. ನೆಟ್ ಬಂದಮೇಲೆ ಯಾವುದನ್ನು ಉಳಿಸಬೇಕು? ಕೊನೆಗೆ ತಿದ್ದಿದ್ದು ಅಂತೀರಾ? ಫೋನಿನ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಕೊನೆ ಯಾವುದು, ಮೊದಲು ಯಾವುದು? ಒಂದು ಕಡೆ ಅಳಿಸಿ, ಇನ್ನೊಂದು ಕಡೆ ಅದೇ ಟಿಪ್ಪಣಿಗೆ ಎರಡು ಸಾಲು ಸೇರಿಸಿದ್ದರೆ? ಅಳಿಸಿದ್ದು ನಿಮ್ಮ ಇಷ್ಟವೋ, ಸೇರಿಸಿದ್ದು ನಿಮ್ಮ ಇಷ್ಟವೋ? ಎರಡೂ ಪ್ರತಿ ಉಳಿಸಿದರೆ "ಇದೇನು ಎಲ್ಲಾ ಎರಡೆರಡು ಸಲ ಬರ್ತಿದೆ" ಅಂತ ಬೈಗುಳ. ಒಂದನ್ನು ಬಿಟ್ಟರೆ ಯಾರದೋ ಒಂದು ದಿನದ ಬರಹ ಹೋಯಿತು. ಕೋಡ್ ಬರೆಯಬಲ್ಲ ಹತ್ತು ಜನ ಬಂದು ಕೂತರೂ ಇದು ಮುಗಿಯುವುದಿಲ್ಲ. ಯಾರಾದರೂ ಒಬ್ಬರು ಕೂತು ತೀರ್ಮಾನ ಮಾಡಬೇಕು. ತೀರ್ಮಾನ ಮಾಡುವ ಆ ಒಬ್ಬರು ಬೇರೆ ಮೀಟಿಂಗಿನಲ್ಲಿ ಇರುತ್ತಾರೆ. ಅಲ್ಲೇ ತಡ ಆಗುವುದು.

ಇದೇನೂ ಹೊಸ ಸಮಸ್ಯೆ ಅಲ್ಲ. 1960ರ ದಶಕದಲ್ಲಿ ಐಬಿಎಂ ಕಂಪನಿ ಓಎಸ್/360 ಅನ್ನುವ ದೊಡ್ಡ ಆಪರೇಟಿಂಗ್ ಸಿಸ್ಟಂ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಮಾಡಲು ಹೊರಟಿತು. ಕೆಲಸ ತಡವಾಯಿತು, ಜನರನ್ನು ಸೇರಿಸಿದರು, ಆದರೂ ತಡವಾಯಿತು. ಆ ಕೆಲಸದ ಮುಂದಾಳಾಗಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಅನುಭವವನ್ನೆಲ್ಲ ಬರೆದಿಟ್ಟರು. ಆಗಲೇ ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಹೊಸ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದರು. ಲೆಕ್ಕ ಸರಳ. 5 ಜನರ ತಂಡದಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿಗಳು 10. ತಂಡ 10 ಆದರೆ ಜೋಡಿ 45. 20 ಆದರೆ 190. ಜನ ದುಪ್ಪಟ್ಟಾದರೆ ಮಾತು ನಾಲ್ಕು ಪಟ್ಟಿಗೂ ಜಾಸ್ತಿ. ಜೊತೆಗೆ ಹೊಸಬರಿಗೆ ಕಲಿಸುವವರು ಯಾರು? ಕೆಲಸ ಗೊತ್ತಿರುವವರೇ. ಕಲಿಸುತ್ತಾ ಕೂತರೆ ಅವರ ಕೆಲಸ ನಿಲ್ಲುತ್ತದೆ. ಸಂಬಳ ಕೊಟ್ಟು ತಂದವರ ಕಥೆಯೇ ಹೀಗೆ.

ಪುಕ್ಕಟೆ ಬಂದವರ ಕಥೆ ನನಗೆ ಹತ್ತಿರದಿಂದ ಗೊತ್ತು. ಎರಡು ವರ್ಷದ ಹಿಂದೆ ನಮ್ಮ ಮ್ಯಾನೇಜರ್‌ಗೆ ಅಂಥ ಒಂದು ಮೇಲ್ ಓದಿ ಮನಸ್ಸು ಕರಗಿತು. ಹುಡುಗ ನಿಜಕ್ಕೂ ಚುರುಕು. ನಮ್ಮ ಆ್ಯಪಿನ ಮೂಲೆ ಮೂಲೆಯೂ ಗೊತ್ತಿತ್ತು ಅವನಿಗೆ, ನಮಗಿಂತ ಜಾಸ್ತಿ. ಸರಿ, ಸೇರಿಸಿಕೊಳ್ಳೋಣ ಅಂದರು. ಮೊದಲು ವಕೀಲರು ಬಂದರು. ಅವನು ಬರೆದ ಕೋಡ್ ಯಾರ ಸ್ವತ್ತು? ನಾಳೆ "ಅದು ನಂದು, ಪಾಲು ಕೊಡಿ" ಅಂದರೆ? ಆ ಕಾಗದಪತ್ರಕ್ಕೇ ಒಂದು ತಿಂಗಳು. ಗ್ರಾಹಕರ ಮಾಹಿತಿ ಹೊರಗಿನವರಿಗೆ ತೋರಿಸುವ ಹಾಗಿಲ್ಲ, ಅದಕ್ಕೆ ಸುಳ್ಳು ಮಾಹಿತಿ ತುಂಬಿದ ಬೇರೆ ಸರ್ವರ್ ಮಾಡಿದೆವು. ನಮ್ಮ ಸೀನಿಯರ್ ಒಬ್ಬರು ದಿನಾ ಸಂಜೆ ಒಂದು ಗಂಟೆ ಅವನಿಗೆ ಹೇಳಿಕೊಟ್ಟರು. ಆರನೇ ವಾರಕ್ಕೆ ಕೋಡ್ ಬಂತು. ಚೆನ್ನಾಗೇ ಇತ್ತು. ನಮ್ಮ ಉಳಿದ ಕೋಡಿಗೆ ಹೊಂದುತ್ತಿರಲಿಲ್ಲ ಅಷ್ಟೇ. ಇಪ್ಪತ್ತು ಕಡೆ ತಿದ್ದಲು ಹೇಳಿದೆವು. ಅಷ್ಟರಲ್ಲಿ ಅವನಿಗೆ ಒಳ್ಳೆಯ ಕೆಲಸ ಸಿಕ್ಕಿತು. ಮೇಲ್‌ಗೆ ಉತ್ತರ ಮೂರು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಇಲ್ಲ.

ಅವನನ್ನು ಬೈಯಲು ನಮಗೆ ಯಾವ ಹಕ್ಕಿದೆ? ಪುಕ್ಕಟೆ ಮಾಡುವವನಿಗೆ "ಶುಕ್ರವಾರದೊಳಗೆ ಮುಗಿಸಪ್ಪ" ಅನ್ನಲು ಬಾಯಿ ಬರುವುದಿಲ್ಲ. ಸಂಬಳ ಅನ್ನುವುದು ಕೆಲಸಕ್ಕಷ್ಟೇ ಕೊಡುವ ದುಡ್ಡಲ್ಲ, ಕೇಳುವ ಹಕ್ಕಿಗೂ ಕೊಡುವ ದುಡ್ಡು. ಅರ್ಧ ನಿಂತ ಆ ಕೋಡನ್ನು ಕೊನೆಗೆ ತೆಗೆದುಹಾಕಿ ಮೊದಲಿಂದ ಬರೆದೆವು. ಫೀಚರ್ ಇನ್ನೂ ಎರಡು ತಿಂಗಳು ತಡವಾಯಿತು. ಆ ಎರಡು ತಿಂಗಳಲ್ಲಿ ಸಹಾಯ ಮಾಡ್ತೀವಿ ಅಂತ ಮತ್ತೆ ನಾಲ್ಕು ಮೇಲ್ ಬಂದವು!

ಇನ್ನೊಂದು ಭಯವೂ ಇದೆ, ಇದು ಸುಮ್ನೆ ಹೆದರಿಸುವ ಮಾತಲ್ಲ. ಎಕ್ಸ್‌ಜೆಡ್ ಅಂತ ಕಡತಗಳನ್ನು ಚಿಕ್ಕದು ಮಾಡುವ ಒಂದು ಸಣ್ಣ ತಂತ್ರಾಂಶ ಇದೆ. ಲಿನಕ್ಸ್, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ, ಓಡುವ ಯಂತ್ರಗಳಲ್ಲಿ ಎಲ್ಲೆಲ್ಲೂ ಇದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಸಂಬಳವಿಲ್ಲದೆ, ದಣಿದಿದ್ದರು. "ಅಪ್‌ಡೇಟ್ ಯಾಕೆ ತಡ, ಬೇರೆಯವರಿಗಾದ್ರೂ ಕೊಡಿ" ಅಂತ ಕೆಲವರು ಒತ್ತಾಯ ಮಾಡತೊಡಗಿದರು. ಸರಿಯಾದ ಸಮಯಕ್ಕೆ ಒಬ್ಬ ಸಹಾಯಕ ಸಿಕ್ಕಿದ. ಎರಡು ವರ್ಷಕ್ಕೂ ಮೀರಿ ನಿಷ್ಠೆಯಿಂದ ಕೆಲಸ ಮಾಡಿ ನಂಬಿಕೆ ಗಳಿಸಿದ. ಆಮೇಲೆ ಮೆಲ್ಲಗೆ, ಬೇರೆಯವರ ಯಂತ್ರದೊಳಗೆ ಗುಟ್ಟಾಗಿ ನುಗ್ಗಲು ಒಂದು ಕಳ್ಳಬಾಗಿಲು ಸೇರಿಸಿದ. ಅದು ಗೊತ್ತಾಗಿದ್ದು 2024ರ ಮಾರ್ಚಿನಲ್ಲಿ, ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ. ಸರ್ವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಅವರು ಬೆನ್ನುಹತ್ತಿ ಹುಡುಕಿದ್ದರಿಂದ. ಅರ್ಧ ಸೆಕೆಂಡ್! ಇದನ್ನು ಓದಿದ ದಿನ ನನ್ನ ಹಳೆಯ ಮೇಲ್‌ಗೆ ಬಂದ ಆ ನಾಲ್ಕು ಸಾಲಿನ ಉತ್ತರ ಅರ್ಥವಾಯಿತು. ನಾನು ಒಳ್ಳೆಯವನು ಅಂತ ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು?

ಇಷ್ಟು ಹೇಳಿದೆ ಅಂತ ಕಂಪನಿಗಳ ಪರ ವಕಾಲತ್ತು ಅಂದುಕೊಳ್ಳಬೇಡಿ. ಬೇಡ ಅನ್ನುವ ಕಂಪನಿಗಳಿಗಿಂತ ನನಗೆ ಭಯ ಇರುವುದು ಬನ್ನಿ ಬನ್ನಿ ಅನ್ನುವ ಕಂಪನಿಗಳ ಮೇಲೆ.

1990ರ ದಶಕದಲ್ಲಿ ಎಒಎಲ್ ಅನ್ನುವ ಅಮೆರಿಕದ ಇಂಟರ್ನೆಟ್ ಕಂಪನಿಗೆ ಸಾವಿರಾರು ಸ್ವಯಂಸೇವಕರಿದ್ದರು. ಚಾಟ್ ಕೋಣೆಗಳನ್ನು ನೋಡಿಕೊಳ್ಳುವುದು, ಹೊಸಬರಿಗೆ ದಾರಿ ತೋರಿಸುವುದು. ಮೊದಮೊದಲು ಖುಷಿಗೆ ಮಾಡಿದ್ದು. ಬರಬರುತ್ತಾ ಅದಕ್ಕೆ ತರಬೇತಿ ಬಂತು, ಪಾಳಿ ಬಂತು, ವಾರಕ್ಕೆ ಇಷ್ಟು ಗಂಟೆ ಅಂತ ಲೆಕ್ಕ ಬಂತು. ಸಂಬಳ ಒಂದು ಬರಲಿಲ್ಲ. 1999ರಲ್ಲಿ ಕೆಲವರು ಕೋರ್ಟಿಗೆ ಹೋದರು: ಇದು ಸೇವೆ ಅಲ್ಲ, ನೌಕರಿ, ನಮಗೆ ಕನಿಷ್ಠ ಕೂಲಿ ಕೊಡಿ ಎಂದು. ಹತ್ತು ವರ್ಷಕ್ಕೂ ಮೀರಿ ನಡೆದು, 2010ರಲ್ಲಿ 1.5 ಕೋಟಿ ಡಾಲರ್‌ಗೆ ರಾಜಿ ಆಯಿತು. ನಮ್ಮ ಹಳಬರು ಇದಕ್ಕೆ ಚೆಂದದ ಪದ ಇಟ್ಟಿದ್ದರು, ಬಿಟ್ಟಿ. ಈಗ ನಾವು ಅದನ್ನು ಪುಕ್ಕಟೆ ಸಿಕ್ಕಿದ್ದು ಅನ್ನೋ ಅರ್ಥದಲ್ಲಿ ಬಳಸುತ್ತೇವೆ. ಹಿಂದೆ ಅದು ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಎರಡರ ನಡುವೆ ಗೋಡೆ ತುಂಬಾ ತೆಳ್ಳಗಿದೆ.

ಅಂದಹಾಗೆ, ನೀವು ಇದನ್ನು ಓದುತ್ತಿರುವ ಈ ಫೇಸ್‌ಬುಕ್ ಕೂಡ 2008ರಲ್ಲಿ ತನ್ನ ಅನುವಾದವನ್ನು ಬಳಕೆದಾರರ ಕೈಯಿಂದಲೇ ಮಾಡಿಸಿಕೊಳ್ಳಲು ಶುರು ಮಾಡಿತು. ಖುಷಿಯಿಂದಲೇ ಮಾಡಿಕೊಟ್ಟರು ಜನ. ಖುಷಿ ಇತ್ತು ಅನ್ನುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ಪದಗಳಿಂದ ಬಂದ ಲಾಭ ಎಲ್ಲಿಗೆ ಹೋಯಿತು ಅನ್ನುವುದೂ ಗೊತ್ತಿರಲಿ.

"ಹಾಗಾದ್ರೆ ಲಿನಕ್ಸ್? ಅದಕ್ಕೂ ಎಷ್ಟೋ ಜನ ಪುಕ್ಕಟೆ ಬರೆದುಕೊಡ್ತಾರಲ್ಲ?" ಅಂತ ಒಬ್ಬರಾದರೂ ಕೇಳುತ್ತೀರಿ. ಅದು ಬೇರೆ ಮಾತು. ಲಿನಕ್ಸ್‌ಗೆ ನೀವು ಬರೆದ ಕೋಡ್ ನಾಳೆಯೂ ಎಲ್ಲರದು, ನಿಮ್ಮದೂ ಹೌದು. ಕಂಪನಿ ಮುಳುಗಿದರೂ ಕೋಡ್ ಮುಳುಗುವುದಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಆ್ಯಪಿಗೆ ಬರೆದುಕೊಟ್ಟರೆ, ಅವರು ಅದನ್ನು ನಾಳೆ ಚಂದಾ ಕಟ್ಟಿದವರಿಗೆ ಮಾತ್ರ ಅಂತ ಇಡಬಹುದು. ನೀವು ಬರೆದ ಫೀಚರ್‌ಗೆ ನೀವೇ ದುಡ್ಡು ಕಟ್ಟಬೇಕಾಗಬಹುದು.

ಈಗ ಸ್ವಲ್ಪ ಕಹಿ ಮಾತು. ಆ ಮೇಲ್ ನಾನು ಬರೆದಿದ್ದು ಪೂರ್ತಿ ಪ್ರೀತಿಯಿಂದ ಅಲ್ಲ. ಒಳಗಿನವನು ಅನ್ನಿಸಿಕೊಳ್ಳುವ ಆಸೆ ಇತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಕುಟುಕು ಇತ್ತು: ನೀವು ಒಂದೂವರೆ ವರ್ಷದಿಂದ ಒದ್ದಾಡುತ್ತಿರುವುದನ್ನು ನಾನು ಶನಿವಾರ ಭಾನುವಾರ ಮುಗಿಸಬಲ್ಲೆ ಅಂತ. ಬರೆಯುವಾಗ ನನಗೇ ಗೊತ್ತಿರಲಿಲ್ಲ. ನಮ್ಮ ಆಫೀಸಿಗೆ ಬಂದ ಅಂಥ ಒಂದು ಮೇಲನ್ನು ಆ ಸೀನಿಯರ್ ಓದಿದ ದಿನ ಗೊತ್ತಾಯಿತು. ಮೂರು ತಿಂಗಳಿಂದ ಅವರು ಅದೇ ಫೀಚರಿನ ಹಿಂದೆ ಬಿದ್ದಿದ್ದರು. ಓದಿದರು, ಲ್ಯಾಪ್‌ಟಾಪ್ ಮುಚ್ಚಿದರು, ಸಂಜೆವರೆಗೆ ಯಾರ ಹತ್ತಿರವೂ ಮಾತಾಡಲಿಲ್ಲ.

ಇದರ ಉಲ್ಟಾ ಇರುವವರೂ ಇದ್ದಾರೆ, ಅವರನ್ನು ಕಂಡರೆ ನನಗೆ ಇನ್ನೂ ಕಿರಿಕಿರಿ. ಯಾರಾದರೂ "ವರ್ಷದ ಚಂದಾ ಕಟ್ಟಿದ್ದೀನಿ, ಹೇಳಿದ ಫೀಚರ್ ಎಲ್ಲಿ?" ಅಂದರೆ ಸಾಕು, ಮೇಲೆ ಬೀಳುತ್ತಾರೆ. ಪಾಪ ಸಣ್ಣ ಕಂಪನಿ, ಅಷ್ಟು ಅರ್ಜೆಂಟ್ ಇದ್ರೆ ನೀವೇ ಸಹಾಯ ಮಾಡಿ, ಅಂತ. ಯಾಕೆ ಮಾಡಬೇಕು? ದುಡ್ಡು ಕೊಟ್ಟವರು ಕೇಳುವುದು ಸಹಜ ಅಲ್ವಾ? ತಡವಾಗಿದ್ದಕ್ಕೆ ಕಂಪನಿ ಕೊಡಬೇಕಾದ್ದು ಒಂದು ನೇರ ಉತ್ತರ. "ಇಂಥ ಕಡೆ ಸಿಕ್ಕಿಕೊಂಡಿದ್ದೇವೆ, ಈ ವರ್ಷ ಆಗುವುದಿಲ್ಲ" ಅಂತ ಒಂದು ಸಾಲು. ಅಭಿಮಾನಿಗಳು ನಡುವೆ ಬಂದು ಗುರಾಣಿ ಹಿಡಿದರೆ ಆ ಒಂದು ಸಾಲನ್ನೂ ಬರೆಯುವ ಕಷ್ಟ ಕಂಪನಿಗೆ ಇರುವುದಿಲ್ಲ. ನಮ್ಮ ಆಫೀಸಿನಲ್ಲೂ ಹೀಗೇ ಆಗಿದೆ. "ಬಿಡಿ, ನಮ್ಮ ಫ್ಯಾನ್ಸೇ ಉತ್ತರ ಕೊಡ್ತಾರೆ" ಅಂತ ಮೀಟಿಂಗಿನಲ್ಲಿ ನಕ್ಕವರಲ್ಲಿ ನಾನೂ ಒಬ್ಬ.

ಹೊರಗಿನವರು ಏನೂ ಮಾಡಲಾಗದು ಅಂತಲ್ಲ. ನನಗೆ ತುಂಬಾ ಇಷ್ಟವಾದ ಉದಾಹರಣೆ 2021ರದು. ಜಿಟಿಎ ಆನ್‌ಲೈನ್ ಆಟ 2013ರಿಂದ ಇದೆ. ಲೋಡ್ ಆಗಲು ನಿಮಿಷಗಟ್ಟಲೆ ಕಾಯಬೇಕಿತ್ತು. ಏಳು ವರ್ಷ ಎಲ್ಲರೂ ಬೈದುಕೊಂಡೇ ಕಾದರು. ಒಬ್ಬ ಆಟಗಾರ ಮಾತ್ರ ಕೂತು ಅಳೆದ. ಆಟದ ಸೋರ್ಸ್ ಕೋಡ್ (ಮೂಲ ಕೋಡ್) ಕೇಳಲಿಲ್ಲ, ಅವನ ಹತ್ತಿರ ಇರಲೂ ಇಲ್ಲ. ಆಟ ಸುಮಾರು 10 ಎಂಬಿಯ ಒಂದು ಪಟ್ಟಿಯನ್ನು ಓದುತ್ತಿತ್ತು, ಅದರಲ್ಲಿ 63 ಸಾವಿರದಷ್ಟು ವಸ್ತುಗಳು. ಪ್ರತಿ ವಸ್ತು ಓದುವಾಗಲೂ ಉಳಿದ ಪಟ್ಟಿ ಎಷ್ಟು ಉದ್ದ ಇದೆ ಅಂತ ಮತ್ತೆ ಕೊನೆವರೆಗೂ ಎಣಿಸುತ್ತಿತ್ತು! ಅವನು ತನ್ನ ಕಂಪ್ಯೂಟರಿನಲ್ಲಿ ಆರು ನಿಮಿಷವನ್ನು ಎರಡು ನಿಮಿಷದೊಳಕ್ಕೆ ಇಳಿಸಿ, ತಪ್ಪು ಎಲ್ಲಿದೆ ಅಂತ ವಿವರವಾಗಿ ಬರೆದ. ಕಂಪನಿ ಒಪ್ಪಿಕೊಂಡಿತು, ಸರಿಮಾಡಿತು, 10,000 ಡಾಲರ್ ಕೊಟ್ಟಿತು. ಅವನು "ನನ್ನನ್ನು ಒಳಗೆ ಬಿಡಿ" ಅನ್ನಲಿಲ್ಲ. ಬೆರಳಿಟ್ಟು ತೋರಿಸಿದ, ಅಷ್ಟೇ.

ಎಲ್ಲರಿಗೂ ಅಷ್ಟು ಆಗಲ್ಲ ನಿಜ, ಬೇಕಾಗಿಯೂ ಇಲ್ಲ. ಕಳೆದ ವಾರ ಒಬ್ಬರು ನಮಗೆ ನಲವತ್ತು ಸೆಕೆಂಡಿನ ವಿಡಿಯೊ ಕಳಿಸಿದ್ದರು. ಯಾವ ಫೋನ್, ಯಾವ ಆವೃತ್ತಿ, ಏನು ಒತ್ತಿದರೆ ಏನಾಗುತ್ತದೆ, ಏನಾಗಬೇಕಿತ್ತು, ಎಲ್ಲಾ ಐದು ಸಾಲಿನಲ್ಲಿ. ನಾವು ನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಬಗ್ ಅದು. ಫೋನನ್ನು ಅಡ್ಡ ತಿರುಗಿಸಿದಾಗ ಮಾತ್ರ ಬರುತ್ತಿತ್ತು. ನಾವ್ಯಾರೂ ಅಡ್ಡ ತಿರುಗಿಸಿರಲಿಲ್ಲ. ಮಧ್ಯಾಹ್ನದೊಳಗೆ ಸರಿಹೋಯಿತು. ಮ್ಯಾನೇಜರ್ ಹತ್ತಿರ ಹಟ ಮಾಡಿ ಅವರಿಗೆ ಒಂದು ವರ್ಷದ ಚಂದಾ ಉಚಿತ ಮಾಡಿಸಿ, ಉದ್ದಕ್ಕೆ ಧನ್ಯವಾದ ಬರೆದು ಕಳಿಸಿದೆ.

ಹತ್ತೇ ನಿಮಿಷಕ್ಕೆ ಉತ್ತರ ಬಂತು. "ಚಂದಾ ಇರ್ಲಿ ಸರ್. ಡಾರ್ಕ್ ಮೋಡ್ ಕೊಡ್ತೀವಿ ಅಂದು ಎರಡು ವರ್ಷ ಆಯ್ತು, ಅದು ಯಾವಾಗ?"

ಇನ್ನೂ ಉತ್ತರ ಬರೆದಿಲ್ಲ. "ಶೀಘ್ರದಲ್ಲೇ" ಅಂತ ಟೈಪ್ ಮಾಡಿ ಎರಡು ಸಲ ಅಳಿಸಿದ್ದೇನೆ.