ದೊಡ್ಡಮ್ಮನಿಗೆ ಬೇಕಿದ್ದದ್ದು ಕೊಳಲಲ್ಲ

ಈಗಷ್ಟೇ ದೊಡ್ಡಮ್ಮನನ್ನು ಮನೆಗೆ ಬಿಟ್ಟು ಬಂದೆ. ಬರೆಯದೆ ನಿದ್ದೆ ಬರುವುದಿಲ್ಲ.

ಅವಳಿಗೆ ಅಲ್ಝೈಮರ್ಸ್, ನೆನಪು ಅಳಿಸುತ್ತಾ ಹೋಗುವ ಮಿದುಳಿನ ಕಾಯಿಲೆ. ಹಗಲು ಹೊತ್ತು ಅವಳು ಇರುವ ಡೇ ಕೇರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮ್ಯೂಸಿಕ್ ಥೆರಪಿ. ಇವತ್ತು ಬೇಗ ಹೋಗಿದ್ದರಿಂದ ಕಣ್ಣಾರೆ ನೋಡಿದೆ. ಸ್ಪೀಕರಿನಲ್ಲಿ ಕೊಳಲು, ಹಿಂದೆ ನೀರು ಹರಿಯುವ ಸದ್ದು. ಎಂಟು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಒಬ್ಬ ಅಜ್ಜಿ 'ನಲ್ಲಿ ನಿಲ್ಸಿ, ನೀರು ಪೋಲಾಗ್ತಿದೆ' ಅಂತ ಎದ್ದೆದ್ದು ಹೋಗುತ್ತಿದ್ದರು. ದೊಡ್ಡಮ್ಮ ಸೆರಗಿನ ಅಂಚು ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ.

ದಯವಿಟ್ಟು ಇದನ್ನು ಥೆರಪಿ ಅನ್ನಬೇಡಿ. ದೊಡ್ಡಮ್ಮ ತನ್ನ ಜೀವಮಾನದಲ್ಲಿ ಕೂತು ಕೊಳಲು ಕೇಳಿದವಳಲ್ಲ. ಅವಳದ್ದು ಸೋಬಾನೆ. ಸುತ್ತಲಿನ ನಾಲ್ಕು ಹಳ್ಳಿಯ ಮದುವೆಗೆ ಅವಳನ್ನು ಹಾಡೋಕೆ ಅಂತಲೇ ಕರೆಯುತ್ತಿದ್ದರು. ಡೇ ಕೇರ್‌ಗೆ ಸೇರಿಸುವಾಗ ಬಿಪಿ ಕೇಳಿದರು, ಶುಗರ್ ಕೇಳಿದರು, ಆಧಾರ್ ಕೇಳಿದರು. ಯಾವ ಹಾಡು ಇಷ್ಟ ಅಂತ ಒಬ್ಬರೂ ಕೇಳಲಿಲ್ಲ.

2006ರಲ್ಲಿ ನ್ಯೂಯಾರ್ಕ್‌ನಲ್ಲಿ ಡ್ಯಾನ್ ಕೋಹೆನ್ ಅನ್ನುವ ಸಮಾಜ ಕಾರ್ಯಕರ್ತರು ನರ್ಸಿಂಗ್ ಹೋಮಿನ ಹಿರಿಯರಿಗೆ ಐಪಾಡ್ ಕೊಟ್ಟರು. ಪ್ರತಿಯೊಬ್ಬರಿಗೂ ಅವರವರದೇ ಹಾಡು. ಕೆಲಸ ಮಾಡಿದ್ದು ಆ 'ಅವರವರದೇ' ಅನ್ನುವುದು. ಹತ್ತರಿಂದ ಮೂವತ್ತು ವಯಸ್ಸಿನ ನಡುವೆ ಕೇಳಿದ ಹಾಡು ಎಲ್ಲಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಬಹಳ ಕಾಲದಿಂದ ಗೊತ್ತಿರುವ ಹಾಡು ಕೇಳಿದಾಗ ಮಿದುಳಿನ ಯಾವ ಭಾಗಗಳು ಎಚ್ಚರವಾಗುತ್ತವೋ, ಅವು ಈ ಕಾಯಿಲೆಯಲ್ಲಿ ಉಳಿದ ಭಾಗಗಳಷ್ಟು ಸವೆಯುವುದಿಲ್ಲ. ಬೆಳಗ್ಗೆ ತಿಂದ ತಿಂಡಿ ಮರೆತವರಲ್ಲೂ ಮದುವೆ ಹಾಡು ಉಳಿದಿರಬಹುದು. ಅಲ್ಲಿಗೆ ಹೋಗಿ ಬಾಗಿಲು ತಟ್ಟಬೇಕು, ಅಲ್ವಾ? ಯಾರಿಗೂ ಸೇರದ ಒಂದು ಕೊಳಲನ್ನು ಎಂಟು ಜನರ ತಲೆ ಮೇಲೆ ಸುರಿದರೆ ಏನು ಬಂತು?

ಸ್ಪೀಕರ್ ಆಫ್ ಮಾಡೋಕೆ ಕೇಳಿದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳು, ತಕ್ಷಣ ಆಫ್ ಮಾಡಿದಳು. ದೊಡ್ಡಮ್ಮನ ಪಕ್ಕ ಕೂತು, ಹೆಣ್ಣನ್ನು ಹಸೆಗೆ ಕರೆಯುವ ಪದದ ಮೊದಲ ಎರಡು ಸಾಲು ಮೆಲ್ಲಗೆ ಹೇಳಿದೆ. ನನಗೆ ಬರುವುದೇ ಅಷ್ಟು. ಮೊದಲು ಅವಳ ಬೆರಳು ಸೆರಗು ಬಿಟ್ಟವು. ಆಮೇಲೆ ಕುರ್ಚಿಯ ಕೈ ಮೇಲೆ ತಾಳ ಶುರುವಾಯಿತು. ಮೂರನೇ ಸಾಲು ಅವಳೇ ಎತ್ತಿಕೊಂಡಳು. ದನಿ ಒಡೆದಿತ್ತು, ಆದರೆ ಪದ ಒಂದೂ ತಪ್ಪಲಿಲ್ಲ. ಹನ್ನೆರಡು ಸಾಲು ಎಣಿಸಿದೆ. ನಿಲ್ಲಿಸಿ ನನ್ನ ಕಡೆ ತಿರುಗಿ, 'ಹೆಣ್ಣೆಲ್ಲಿ? ಇನ್ನೂ ಕರ್ಕೊಂಡ್ ಬಂದಿಲ್ವಾ?' ಅಂದಳು. ಆರು ತಿಂಗಳಾದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ.

ಹಾಡಿನಿಂದ ಕಾಯಿಲೆ ವಾಸಿಯಾಗುತ್ತಾ ಅಂತ ಅಣ್ಣ ಫೋನಿನಲ್ಲಿ ಕೇಳಿದ. ಆಗಲ್ಲ. ಹೋದ ನೆನಪು ವಾಪಸ್ ಬರುತ್ತದೆ ಅಂತ ಯಾವ ಒಳ್ಳೆಯ ಅಧ್ಯಯನವೂ ಹೇಳಿಲ್ಲ. ಮಂಕು ಕವಿದ ಮನಸ್ಸು ಸ್ವಲ್ಪ ಹಗುರವಾಗುತ್ತದೆ ಅನ್ನುವಷ್ಟಕ್ಕೆ ಆಧಾರ ಇದೆ. ನನಗೆ ಅಷ್ಟು ಸಾಕು. ಅರ್ಧ ಗಂಟೆಯಲ್ಲಿ ಮರೆತುಬಿಡ್ತಾಳೆ ಅಂದ. ಮರೆಯಲಿ. ಆ ಅರ್ಧ ಗಂಟೆ ಅವಳು ಮದುವೆ ಮನೆಯಲ್ಲಿ ಇದ್ದಳು.

ಒಂದು ಮಾತು ಇದುವರೆಗೂ ಯಾರಿಗೂ ಹೇಳಿಲ್ಲ. ಎಸ್ಸೆಸ್ಸೆಲ್ಸಿ ಓದುವಾಗ, 'ದೊಡ್ಡಮ್ಮ, ಹಾಡೋದು ನಿಲ್ಸು, ನಂಗೆ ಓದೋಕಾಗ್ತಿಲ್ಲ' ಅಂತ ಕೂಗಿದ್ದೆ. ಅವತ್ತಿನಿಂದ ನಾನು ಮನೆಯಲ್ಲಿದ್ದಾಗ ಅವಳು ಗಟ್ಟಿಯಾಗಿ ಹಾಡಿದ್ದು ಕೇಳಿಲ್ಲ. ನನಗೆ ಎರಡೇ ಸಾಲು ಬರುವುದು ಅದಕ್ಕೇ. ಡೇ ಕೇರ್‌ನವರು ಕೇಳಲಿಲ್ಲ ಅಂತ ಬೈದೆನಲ್ಲ, ನಾನೂ ಕೇಳಿರಲಿಲ್ಲ.

ಊರಿನಲ್ಲಿ ಚಿಕ್ಕಮ್ಮ ಇದ್ದಾಳೆ. ಇಬ್ಬರೂ ಜೊತೆಗೇ ಹಾಡುತ್ತಿದ್ದವರು. ಭಾನುವಾರ ಅವಳನ್ನು ಕರೆದುಕೊಂಡು ಬರುತ್ತೇನೆ. ಹನ್ನೆರಡನೇ ಸಾಲಿನ ಮುಂದೆ ಏನು ಅಂತ ಅವಳಿಗೆ ಗೊತ್ತಿರುತ್ತದೆ.